ಜರ್ಮನ್ ಅಟ್ಟ, ಇಂಗ್ಲಿಷ್ ಪಡಸಾಲೆ

ಇತಿಹಾಸದ ಆಧಾರಗಳು ಯಾವುವು ಎಂದು ಕೇಳಿದರೆ ನಮ್ಮ ಎಂಟನೆಯ ತರಗತಿಯ ಮಕ್ಕಳು ಒಂದೇ ಉಸಿರಿಗೆ ಹೇಳುತ್ತಾರೆ: ಶಾಸನ, ನಾಣ್ಯ, ತಾಳೆಗರಿ, ಸ್ಮಾರಕ. ೨೮ ವರ್ಷಗಳಿಂದ ಅವರಿಗೆ ಅದನ್ನೇ ಕಲಿಸುತ್ತ ಬಂದವಳು ನಾನು. ಈಗ ಆ ಪಟ್ಟಿಗೆ ಇನ್ನೊಂದು ಹೆಸರು ಸೇರಿಸಬೇಕೆಂದು ನನಗೆ ಅನ್ನಿಸಿದೆ. ಅದು ಕಂಪ್ಯೂಟರಿನ ಒಳಗಿರುವ ಬರಹ. ಆ ಯಂತ್ರ ನಿನ್ನೆ ಮೊನ್ನೆ ಬಂದದ್ದು, ಅದಕ್ಕೆಂಥ ಇತಿಹಾಸ ಎಂದು ನೀವು ಕೇಳಬಹುದು. ಆದರೆ ನಾವು ಪ್ರಶ್ನೆಪತ್ರಿಕೆ ಟೈಪು ಮಾಡುವ ಸಾಫ್ಟ್‌ವೇರಿನ ಹೊಟ್ಟೆಯೊಳಗೆ ಜರ್ಮನ್ ಭಾಷೆಯ ಕಾಲವೊಂದಿತ್ತು, ಅದನ್ನು ಹಲವಾರು ದೇಶಗಳ ಜನ ವರ್ಷಗಟ್ಟಲೆ ಕೂತು ಇಂಗ್ಲಿಷಿಗೆ ತಂದರು ಎಂಬುದನ್ನು ತಿಳಿದ ಮೇಲೆ, ಇದೂ ಒಂದು ಬಗೆಯ ಶಾಸನಶಾಸ್ತ್ರವೇ ಎಂಬ ನಂಬಿಕೆ ನನ್ನಲ್ಲಿ ಬೆಳೆದಿದೆ.

ಈ ವಿಷಯ ನನಗೆ ತಿಳಿದದ್ದು ನನ್ನ ತಂಗಿಯ ಮಗಳಿಂದ. ಅವಳು ಬೆಂಗಳೂರಿನಲ್ಲಿ ಸಾಫ್ಟ್‌ವೇರು ಕೆಲಸದಲ್ಲಿದ್ದಾಳೆ. ಅಲ್ಲಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಒಂದಿಷ್ಟು ಜರ್ಮನ್ ಕಲಿತವಳು. ದೀಪಾವಳಿಗೆ ಬಂದಾಗ ನಾನು ಲಿಬ್ರೆ ಆಫೀಸ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಕನ್ನಡ ಪ್ರಶ್ನೆಪತ್ರಿಕೆ ಹೊಂದಿಸುತ್ತಿದ್ದುದನ್ನು ನೋಡಿ, "ದೊಡ್ಡವ್ವ, ಇದರ ತವರುಮನೆ ಯಾವುದು ಗೊತ್ತೇನು? ಜರ್ಮನಿ" ಅಂದಳು. ಸಾಫ್ಟ್‌ವೇರಿಗೂ ತವರುಮನೆ ಇರುತ್ತದೆಂಬ ಮಾತೇ ನನಗೆ ಹಿಡಿಸಿಬಿಟ್ಟಿತು. ಮುಂದಿನದನ್ನು ನಾನೇ ಕೆದಕಿ ಕೆದಕಿ ಕೇಳಿ, ಓದಿ ತಿಳಿದುಕೊಂಡೆ.

ಉತ್ತರ ಜರ್ಮನಿಯಲ್ಲಿ ಲ್ಯೂನೆಬುರ್ಗ್ ಎಂಬ ಹಳೆಯ ಊರಿದೆ. ಮಧ್ಯಯುಗದಲ್ಲಿ ಉಪ್ಪಿನ ವ್ಯಾಪಾರದಿಂದ ಸಿರಿವಂತವಾದ ಊರು ಅದು. ಅಲ್ಲಿ ೧೯೮೫ರಲ್ಲಿ ಮಾರ್ಕೊ ಬೋರಿಸ್ ಎಂಬ ಹದಿಹರೆಯದ ಹುಡುಗ ಸ್ಟಾರ್ ಡಿವಿಷನ್ ಎಂಬ ಕಂಪನಿ ಶುರುಮಾಡಿದ. ಅವನ ಕಂಪನಿ ತಯಾರಿಸಿದ ಬರವಣಿಗೆಯ ಸಾಫ್ಟ್‌ವೇರಿನ ಹೆಸರು ಸ್ಟಾರ್ ರೈಟರ್. ಅದಕ್ಕೆ ಲೆಕ್ಕದ ಹಾಳೆ, ಚಿತ್ರ ಬರೆಯುವ ಸಾಧನ ಎಲ್ಲ ಕೂಡಿಕೊಂಡು ಸ್ಟಾರ್ ಆಫೀಸ್ ಆಯಿತು. ಕೆಲಸಗಾರರು ಜರ್ಮನರು, ಬೆಳಗಿನ ಕಾಫಿಯಿಂದ ಸಂಜೆಯ ಜಗಳದವರೆಗೆ ಅವರದೆಲ್ಲ ಜರ್ಮನ್ ಭಾಷೆಯಲ್ಲೇ. ಹಾಗಾಗಿ ಸಾಫ್ಟ್‌ವೇರಿನ ಒಳಗೆ ತಮಗೆ ತಾವೇ ಬರೆದುಕೊಂಡ ಟಿಪ್ಪಣಿಗಳೂ ಜರ್ಮನ್ ಭಾಷೆಯಲ್ಲೇ ಇದ್ದವು.

ಈ ಟಿಪ್ಪಣಿ ಎಂದರೇನು ಎಂಬುದನ್ನು ಇಲ್ಲಿ ಹೇಳಬೇಕು. ಸಾಫ್ಟ್‌ವೇರನ್ನು ಬರೆಯುವಾಗ ಎರಡು ಬಗೆಯ ಸಾಲುಗಳಿರುತ್ತವೆಯಂತೆ. ಒಂದು ಕಂಪ್ಯೂಟರಿಗೆ ಕೊಡುವ ಆಜ್ಞೆ. ಇನ್ನೊಂದು ಮುಂದೆ ಆ ಬರಹವನ್ನು ಓದುವ ಮನುಷ್ಯರಿಗಾಗಿ ಬರೆದಿಟ್ಟ ಮಾತು. "ಈ ಲೆಕ್ಕವನ್ನು ಹೀಗೆ ಯಾಕೆ ಮಾಡಿದ್ದೇನೆಂದರೆ", "ಇಲ್ಲಿ ಹುಷಾರು, ಇದನ್ನು ತೆಗೆದರೆ ಪುಟಸಂಖ್ಯೆ ಕೆಡುತ್ತದೆ" ಎಂಬಂಥ ಮಾತುಗಳು. ಕಂಪ್ಯೂಟರು ಅವನ್ನು ಓದುವುದೇ ಇಲ್ಲ, ದಾಟಿಕೊಂಡು ಹೋಗುತ್ತದೆ. ನಮ್ಮ ಅಡುಗೆಮನೆಯ ಡಬ್ಬಿಗಳ ಮೇಲಿನ ಚೀಟಿಯ ಹಾಗೆ. ಸಾರಿಗೆ ಚೀಟಿ ಬೇಡ, ಪುಡಿ ಬಿದ್ದರಾಯಿತು. ಚೀಟಿ ಬೇಕಾದದ್ದು ಅಡುಗೆ ಮಾಡುವವರಿಗೆ, ಅದರಲ್ಲೂ ಮನೆಗೆ ಹೊಸದಾಗಿ ಬಂದವರಿಗೆ.

ಮನೆಯವರೇ ಅಡುಗೆ ಮಾಡುತ್ತಿರುವ ತನಕ ಚೀಟಿ ಯಾವ ಭಾಷೆಯಲ್ಲಿದ್ದರೇನು? ಆದರೆ ೧೯೯೯ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಸ್ಟಾರ್ ಡಿವಿಷನ್ನನ್ನು ಕೊಂಡುಕೊಂಡಿತು. ೨೦೦೦ದ ಅಕ್ಟೋಬರಿನಲ್ಲಿ ಅದರ ಮೂಲ ಬರಹವನ್ನು ಓಪನ್ ಆಫೀಸ್ ಎಂಬ ಹೆಸರಿನಲ್ಲಿ ಯಾರು ಬೇಕಾದರೂ ಓದುವಂತೆ, ತಿದ್ದುವಂತೆ ಲೋಕದ ಮುಂದೆ ತೆರೆದಿಟ್ಟಿತು. ೨೦೧೦ರ ಜನವರಿಯಲ್ಲಿ ಒರಾಕಲ್ ಕಂಪನಿ ಸನ್ ಅನ್ನೇ ಕೊಂಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಈ ಕೆಲಸದಲ್ಲಿ ತೊಡಗಿದ್ದ ಬಹಳಷ್ಟು ಜನ ಬೇರೆಯಾಗಿ ಲಿಬ್ರೆ ಆಫೀಸ್ ಎಂಬ ಹೆಸರಿನಲ್ಲಿ ಹೊಸ ಸಂಸಾರ ಹೂಡಿದರು. ಲ್ಯೂನೆಬುರ್ಗಿನ ಹುಡುಗರು ತಮಗಾಗಿ ಗೀಚಿಕೊಂಡ ಚೀಟಿಗಳು ಹೀಗೆ ಎರಡು ಮೂರು ಯಜಮಾನರ ಕೈದಾಟಿ, ಜರ್ಮನ್ ಒಂದಕ್ಷರವೂ ಬಾರದವರ ಪಾಲಿಗೆ ಬಂದವು. ಅಷ್ಟೊತ್ತಿಗೆ ಆ ಬರಹ ಹತ್ತಾರು ಲಕ್ಷ ಸಾಲುಗಳಷ್ಟು ಬೆಳೆದಿತ್ತು.

ಓದಲಾಗದ ಟಿಪ್ಪಣಿ ಇದ್ದರೂ ಸಾಫ್ಟ್‌ವೇರೇನೂ ನಿಂತುಹೋಗಲಿಲ್ಲ. ಅದು ನಡೆಯುತ್ತಲೇ ಇತ್ತು. ತೊಂದರೆ ಬರುವುದು ರಿಪೇರಿಗೆ ಕೈಹಾಕಿದಾಗ. ಈ ಗೋಡೆಯನ್ನು ಕೆಡವಬಹುದೋ, ಅಥವಾ ಮೇಲಿನ ತೊಲೆ ಇದರ ಮೇಲೆಯೇ ಕೂತಿದೆಯೋ ಎಂದು ಗೋಡೆ ಕಟ್ಟಿದವನೇ ಬರೆದಿಟ್ಟಿದ್ದಾನೆ. ಆದರೆ ಓದಲು ಬರುವುದಿಲ್ಲ. ಆಗ ಹೊಸಬರು ಎರಡರಲ್ಲಿ ಒಂದನ್ನು ಮಾಡುತ್ತಾರೆ. ಹೆದರಿ ಮುಟ್ಟದೇ ಬಿಡುತ್ತಾರೆ, ಇಲ್ಲವೆ ಧೈರ್ಯ ಮಾಡಿ ಕೆಡವಿಬಿಡುತ್ತಾರೆ. ಎರಡರಿಂದಲೂ ಮನೆಗೆ ಕೇಡೇ.

ಇದರ ಬಿಸಿ ಎಂಥದೆಂದು ನನಗೆ ಗೊತ್ತು. ನಮ್ಮವ್ವ ತೀರಿಕೊಂಡ ಮೇಲೆ ಅವಳ ಟ್ರಂಕಿನಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ಸಿಕ್ಕಿತು. ನಾಲ್ಕನೆಯ ಇಯತ್ತೆ ಓದಿದವಳು. ಪೂರ್ತಿ ಶಬ್ದ ಬರೆಯುವಷ್ಟು ಪುರಸೊತ್ತೂ ಇರಲಿಲ್ಲ, ಹಾಳೆಯ ಮೇಲೆ ಅವಳಿಗೆ ಜಿಪುಣತನವೂ ಇತ್ತು. "ಬ. ೨೦೦ ಕೊ.", "ಹಾ. ೭೫ ಕೊ." ಎಂದು ಪುಟದ ತುಂಬ ಬರೆದಿದ್ದಳು. ಬ ಎಂದರೆ ಬಳೆಗಾರಳೋ ಬಟ್ಟೆ ಅಂಗಡಿಯೋ? ಅದನ್ನು ಹೇಗಾದರೂ ಪತ್ತೆ ಮಾಡಬಹುದಿತ್ತು. ದೊಡ್ಡ ತೊಡಕು ಕೊ ಎಂಬುದರದ್ದು. ಕೊಟ್ಟಿದ್ದೇನೆ ಎಂದೋ, ಕೊಡಬೇಕು ಎಂದೋ? ಒಂದೇ ಅಕ್ಷರ, ಒಂದು ಅರ್ಥಕ್ಕೆ ನಾವು ಸಾಲಗಾರರು, ಇನ್ನೊಂದು ಅರ್ಥಕ್ಕೆ ಊರೇ ನಮಗೆ ಸಾಲಗಾರ. ಅಣ್ಣ ತಮ್ಮಂದಿರು ಕೊಟ್ಟಿದ್ದೇನೆ ಎಂಬ ಅರ್ಥದ ಕಡೆಗೇ ವಾಲಿದ್ದರೆಂಬುದನ್ನು ಬೇರೆ ಹೇಳಬೇಕಿಲ್ಲ.

ಕಡೆಗೆ ನಾನು ಪಕ್ಕದ ಮನೆಯ ಮುದುಕಿಯನ್ನು ಕರೆತಂದೆ. ನಲವತ್ತು ವರ್ಷ ಅವ್ವನ ಜೊತೆ ಶ್ಯಾವಿಗೆ ಹೊಸೆದವಳು, ಸಂತೆಗೆ ಹೋದವಳು. ಅವಳಿಗೆ ಓದಲು ಬಾರದು. ನಾನು ಓದಿ ಹೇಳಿದ್ದನ್ನು ಕೇಳಿ ಒಂದೇ ಮಾತಿನಲ್ಲಿ ಮುಗಿಸಿದಳು: "ನಿಮ್ಮವ್ವ ಕೊಟ್ಟದ್ದನ್ನ ಎಂದೂ ಬರೀತಿದ್ದಿಲ್ಲ. ಕೊಡೂದನ್ನಷ್ಟ ಬರೀತಿದ್ಲು." ನಾವೆಲ್ಲ ತೆಪ್ಪಗಾದೆವು. ಆ ಪುಸ್ತಕದಲ್ಲಿದ್ದದ್ದನ್ನು ಒಬ್ಬೊಬ್ಬರಿಗೂ ಹೋಗಿ ಕೊಟ್ಟುಬಂದೆವು. ಅಕ್ಷರ ಬಲ್ಲ ನಾವು ಓದಲಾರದ್ದನ್ನು ಅಕ್ಷರ ಬಾರದ ಆಕೆ ಓದಿದಳು. ಯಾಕೆಂದರೆ ಆಕೆಗೆ ಬರೆದವಳು ಗೊತ್ತಿದ್ದಳು. ಅನುವಾದವೆಂದರೆ ಇದೇ ಎಂದು ನನಗೆ ಅಂದಿನಿಂದ ಅನ್ನಿಸಿದೆ. ಶಬ್ದಕ್ಕೆ ಶಬ್ದ ಹಚ್ಚುವುದಷ್ಟೇ ಅನುವಾದವಲ್ಲ. ಬರೆದವರು ಯಾಕೆ ಬರೆದರು, ಓದಿದವರು ಓದಿ ಏನು ಮಾಡಬೇಕು ಎರಡನ್ನೂ ತಿಳಿಯಬೇಕು.

ಜರ್ಮನ್ ಟಿಪ್ಪಣಿಗಳನ್ನು ಇಂಗ್ಲಿಷಿಗೆ ತರಲು ಕೂತವರಿಗೂ ಎದುರಾದದ್ದು ಇದೇ ಸವಾಲು. ಶಬ್ದಕೋಶ ಇಟ್ಟುಕೊಂಡರೆ ಆಗುವ ಕೆಲಸವಲ್ಲ ಅದು. ಜರ್ಮನ್ ವಾಕ್ಯದ ಕಟ್ಟೋಣವೇ ಬೇರೆ. "ಹಿಯರ್ ವಿರ್ಟ್ ಡೀ ಡಾಟೈ ಗೆಶ್ಪೈಶರ್ಟ್" ಎಂಬ ಒಂದು ಸಾಲನ್ನು ಉದಾಹರಣೆಗೆ ಇಟ್ಟುಕೊಳ್ಳಿ. ಒಂದೊಂದೇ ಶಬ್ದ ಬಿಡಿಸಿದರೆ, "ಇಲ್ಲಿ, ಆಗುತ್ತದೆ, ಕಡತ, ಉಳಿಸಿದ್ದು" ಎಂದಾಗುತ್ತದೆ. ಅದನ್ನು ಅದೇ ಸಾಲಿನಲ್ಲಿ ಇಂಗ್ಲಿಷಿಗೆ ಇಟ್ಟರೆ ಇಂಗ್ಲಿಷಿನವನು ಕಣ್ಣು ಬಿಡುತ್ತಾನೆ. ಇಂಗ್ಲಿಷಿನಲ್ಲಿ ಕೆಲಸ ಮಾಡುವವನು ಆ ಜಾಗದಲ್ಲಿ ಬರೆದುಕೊಳ್ಳುವುದು ಮೂರೇ ಶಬ್ದ: "ಸೇವ್ ದ ಫೈಲ್". ಸಹಜವಾದ ಇಂಗ್ಲಿಷ್ ಎಂದರೆ ಅದು.

ನಮ್ಮ ಕನ್ನಡಕ್ಕೂ ಇಂಥದೇ ಒಂದು ರೋಗ ತಗುಲಿದೆಯಲ್ಲ! "ಸಭೆ ಕರೆಯಲ್ಪಟ್ಟಿತು", "ಅರ್ಜಿ ತಿರಸ್ಕರಿಸಲ್ಪಟ್ಟಿದೆ" ಎಂದು ನಾವು ಕಚೇರಿಯ ಕಾಗದದಲ್ಲಿ ಬರೆಯುತ್ತೇವೆ. ಮನೆಯಲ್ಲಿ ಯಾರಾದರೂ "ಅನ್ನ ಉಣ್ಣಲ್ಪಟ್ಟಿತು" ಅನ್ನುತ್ತಾರೆಯೆ? "ಊಟ ಆಯ್ತು" ಅನ್ನುತ್ತಾರೆ. ವ್ಯಾಕರಣಕ್ಕೆ ಸರಿಯಾದದ್ದೆಲ್ಲ ಬಾಯಿಗೆ ಸರಿಯಾಗುವುದಿಲ್ಲ. ಮಕ್ಕಳ ಅನುವಾದದ ಉತ್ತರಗಳನ್ನು ತಿದ್ದುವಾಗ "ಇದನ್ನು ನಿಮ್ಮ ಅವ್ವನಿಗೆ ಹೇಗೆ ಹೇಳುತ್ತೀರಿ?" ಎಂದು ಅಂಚಿನಲ್ಲಿ ಬರೆಯುವುದು ನನ್ನ ರೂಢಿ. ಜರ್ಮನ್ ಟಿಪ್ಪಣಿಗಳನ್ನು ಇಂಗ್ಲಿಷಿಗೆ ತಂದವರಿಗೂ ಆ ಪ್ರಶ್ನೆಯೇ ಒರೆಗಲ್ಲು: ಇಂಗ್ಲಿಷಿನಲ್ಲಿ ಯೋಚಿಸುವ ಕೆಲಸಗಾರನೊಬ್ಬ ಇದನ್ನೇ ಬರೆದಿದ್ದರೆ ಹೇಗೆ ಬರೆಯುತ್ತಿದ್ದ?

ತಮಾಷೆಯೆಂದರೆ ಜರ್ಮನ್ ವಾಕ್ಯ ಇಂಗ್ಲಿಷಿಗಿಂತ ನಮಗೇ ಕೆಲವೆಡೆ ಹತ್ತಿರ. "ಬಳಕೆದಾರ ಕಡತವನ್ನು ತೆರೆದಿರುವುದರಿಂದ" ಎಂಬ ಮಾತನ್ನು ಜರ್ಮನಿನಲ್ಲಿ "ವೈಲ್ ಡೆರ್ ಬೆನುಟ್ಸರ್ ಡೀ ಡಾಟೈ ಗೆಓಫ್ನೆಟ್ ಹಾಟ್" ಎನ್ನುತ್ತಾರೆ. ಮೊದಲು ಬಳಕೆದಾರ, ಆಮೇಲೆ ಕಡತ, ಕೊನೆಯಲ್ಲಿ ತೆರೆಯುವುದು. ಕ್ರಿಯಾಪದ ನಮ್ಮಂತೆಯೇ ಕೊನೆಗೆ ಬಂದು ಕೂರುತ್ತದೆ. ಇಂಗ್ಲಿಷಿಗೆ ಅಷ್ಟು ತಾಳ್ಮೆಯಿಲ್ಲ. ಯಾರು ಎಂದು ಹೇಳಿದ ಕೂಡಲೇ ಏನು ಮಾಡಿದರು ಎಂಬುದನ್ನು ಹೇಳಿಬಿಡಬೇಕು. ಸಮಾಸದ ವಿಷಯವೂ ಹಾಗೆಯೇ. ಜರ್ಮನರು ಶಬ್ದಕ್ಕೆ ಶಬ್ದ ಪೋಣಿಸಿ ಒಂದೇ ಉದ್ದನೆಯ ಪದ ಮಾಡುತ್ತಾರೆ. "ರೆಷ್ಟ್‌ಶ್ರೈಬ್‌ಪ್ರ್ಯೂಫುಂಗ್" ಎಂದರೆ ಸರಿ, ಬರೆಯುವುದು, ಪರೀಕ್ಷೆ ಮೂರೂ ಸೇರಿದ ಸಮಾಸ. ವಿಗ್ರಹವಾಕ್ಯ ಬಿಡಿಸಲು ಕಲಿತ ನಮ್ಮ ಹತ್ತನೆಯ ತರಗತಿಯ ಹುಡುಗಿಗೆ ಇದು ನೀರು ಕುಡಿದಷ್ಟು ಸುಲಭ. ಇಂಗ್ಲಿಷಿನಲ್ಲಿ ಅದು ಬರಿಯ "ಸ್ಪೆಲಿಂಗ್ ಚೆಕ್".

ಪರದೆಯ ಮೇಲಿನ ಶಬ್ದಗಳಲ್ಲಿಯೂ ಇಂಥ ಸ್ವಾರಸ್ಯಗಳಿವೆ. ಕಡತವನ್ನು ಉಳಿಸುವುದಕ್ಕೆ ಜರ್ಮನಿನಲ್ಲಿ "ಶ್ಪೈಶರ್ನ್" ಎನ್ನುತ್ತಾರೆ. ಶ್ಪೈಶರ್ ಎಂದರೆ ಕಣಜ, ಉಗ್ರಾಣ. ಕೆಲವು ಕಡೆ ಮನೆಯ ಅಟ್ಟಕ್ಕೂ ಅದೇ ಹೆಸರು. ಬರೆದದ್ದನ್ನು ಜರ್ಮನರು ಕಾಳಿನ ಹಾಗೆ ಕಣಜಕ್ಕೆ ತುಂಬುತ್ತಾರೆ. ಇಂಗ್ಲಿಷಿನವರು "ಸೇವ್" ಎನ್ನುತ್ತಾರೆ. ಮುಳುಗುವವನನ್ನು ಕಾಪಾಡುವುದಕ್ಕೂ ಅದೇ ಶಬ್ದ. ನಾವು "ಉಳಿಸು" ಎನ್ನುತ್ತೇವೆ. ಜೀವ ಉಳಿಸುವುದೂ ಹೌದು, ಸಾಸಿವೆ ಡಬ್ಬಿಯಲ್ಲಿ ದುಡ್ಡು ಉಳಿಸುವುದೂ ಹೌದು. ಕೆಲಸ ಒಂದೇ, ಅದರ ಹಿಂದಿನ ಚಿತ್ರ ಮಾತ್ರ ಮೂರು ಭಾಷೆಗೆ ಮೂರು. "ಲ್ಯೋಷೆನ್" ಎಂದರೆ ಅಳಿಸುವುದು. ಆದರೆ ಬೆಂಕಿ ನಂದಿಸುವುದಕ್ಕೂ ಬಾಯಾರಿಕೆ ತಣಿಸುವುದಕ್ಕೂ ಜರ್ಮನರು ಅದೇ ಪದ ಬಳಸುತ್ತಾರೆ. ಹಾಗೆಂದು "ಕಡತವನ್ನು ನಂದಿಸಿ" ಎಂದು ಇಂಗ್ಲಿಷಿನಲ್ಲಿ ಬರೆದರೆ ನಗೆಪಾಟಲು.

"ಆಬ್‌ಬ್ರೆಶೆನ್" ಎಂದು ಜರ್ಮನ್ ಗುಂಡಿಯ ಮೇಲೆ ಬರೆದಿರುತ್ತದೆ. ಅಕ್ಷರಶಃ ಅರ್ಥ ಮುರಿದುಹಾಕು. ಇಂಗ್ಲಿಷ್ ಗುಂಡಿಯ ಮೇಲೆ ಅದು "ಕ್ಯಾನ್ಸಲ್". "ಊಬರ್‌ನೇಮೆನ್" ಎಂದರೆ ವಹಿಸಿಕೋ, ಕೈಗೆ ತಗೋ. ಇಂಗ್ಲಿಷಿನಲ್ಲಿ ಅದೇ ಗುಂಡಿ "ಅಪ್ಲೈ". ಶಬ್ದಕೋಶವನ್ನು ನೆಚ್ಚಿಕೊಂಡಿದ್ದರೆ "ಕೈಗೆ ತಗೋ" ಎಂಬ ಗುಂಡಿಯನ್ನು ಒತ್ತಲು ಯಾರಿಗೂ ಧೈರ್ಯ ಬರುತ್ತಿರಲಿಲ್ಲ. ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದನ್ನು ನೋಡಿ, ಆಗುವ ಕೆಲಸಕ್ಕೆ ಹೆಸರಿಟ್ಟದ್ದರಿಂದ ಅದು ಸಹಜವಾಯಿತು.

ಇವೆಲ್ಲ ನಗುವ ಮಾತು. ನಿಜವಾದ ಅಪಾಯ ಇರುವುದು ಕೇಳಲು ಒಂದೇ ತೆರನಾಗಿದ್ದು ಅರ್ಥ ಬೇರೆಯಾದ ಶಬ್ದಗಳಲ್ಲಿ. ನಮಗೂ ಇದರ ಅನುಭವವಿದೆ. ಹಿಂದಿಯವರು ಶಿಕ್ಷಾ ಎಂದರೆ ವಿದ್ಯೆ. ನಮ್ಮಲ್ಲಿ ಶಿಕ್ಷೆ ಎಂದರೆ ದಂಡನೆ. ಅವರ ಉಪನ್ಯಾಸ ಕಾದಂಬರಿ. ನಮ್ಮ ಉಪನ್ಯಾಸ ಭಾಷಣ. ಅವರ ಅವಸರ ಸದವಕಾಶ. ನಮ್ಮ ಅವಸರ ಗಡಿಬಿಡಿ. ಜರ್ಮನ್ ಮತ್ತು ಇಂಗ್ಲಿಷ್ ನಡುವೆಯೂ ಇಂಥ ಸುಳ್ಳು ನೆಂಟರಿದ್ದಾರೆ. ಜರ್ಮನಿನ "ಆಕ್ಟುಎಲ್" ಇಂಗ್ಲಿಷಿನ "ಆ್ಯಕ್ಚುಯಲ್"ನಂತೆ ಕೇಳಿಸುತ್ತದೆ. ಆದರೆ ಅದರ ಅರ್ಥ ಈಗ ನಡೆಯುತ್ತಿರುವ, ಸದ್ಯದ ಎಂದು. ಸದ್ಯದ ಸಾಲು ಎಂದು ಇರುವಲ್ಲಿ ನಿಜವಾದ ಸಾಲು ಎಂದು ಬರೆದರೆ, ಹಾಗಾದರೆ ಸುಳ್ಳು ಸಾಲು ಯಾವುದು ಎಂದು ಓದಿದವನು ಹುಡುಕಬೇಕಾಗುತ್ತದೆ.

ಅದಕ್ಕಿಂತ ಕೆಟ್ಟದ್ದು "ಎವೆಂಟುಎಲ್". ಇಂಗ್ಲಿಷಿನಲ್ಲಿ "ಇವೆಂಚುಯಲಿ" ಎಂದರೆ ಕೊನೆಗೊಮ್ಮೆ ಆಗಿಯೇ ಆಗುತ್ತದೆ ಎಂಬ ಅರ್ಥ. ಜರ್ಮನಿನಲ್ಲಿ ಅದು ಬಹುಶಃ, ಆದರೂ ಆಗಬಹುದು ಎಂದಷ್ಟೇ. "ಈ ಜಾಗ ಬಹುಶಃ ಖಾಲಿ ಇರಬಹುದು, ನೋಡಿಕೊಳ್ಳಿ" ಎಂದು ಜರ್ಮನಿನವನು ಎಚ್ಚರಿಸಿದ್ದು ಇಂಗ್ಲಿಷಿನಲ್ಲಿ "ಈ ಜಾಗ ಕೊನೆಗೆ ಖಾಲಿಯಾಗುತ್ತದೆ" ಎಂದಾಗಿಬಿಟ್ಟರೆ? ಓದಿದವನು ಕಾಯುತ್ತಾನೆ, ನೋಡಿಕೊಳ್ಳುವುದಿಲ್ಲ. ಅನುಮಾನವನ್ನು ಭರವಸೆಯಾಗಿ ಅನುವಾದಿಸಿದಂತಾಯಿತು. ನಮ್ಮವ್ವನ ಕೊ ಎಂಬ ಅಕ್ಷರ ನನಗೆ ಮತ್ತೆ ನೆನಪಾದದ್ದು ಇದನ್ನು ಓದಿದಾಗಲೇ. ಅಕ್ಷರ ಎಷ್ಟು ಚಿಕ್ಕದೋ ಹೊಣೆ ಅಷ್ಟು ದೊಡ್ಡದು.

ಅಂಕಿಗಳಿಗೂ ಈ ಮಾತು ಸಲ್ಲುತ್ತದೆ. ನಾವು ಸಾವಿರವನ್ನು ಬೇರ್ಪಡಿಸಲು ಅಲ್ಪವಿರಾಮ ಹಾಕಿದರೆ ಜರ್ಮನರು ಚುಕ್ಕಿ ಹಾಕುತ್ತಾರೆ. ನಾವು ದಶಮಾಂಶಕ್ಕೆ ಚುಕ್ಕಿ ಇಟ್ಟರೆ ಅವರು ಅಲ್ಪವಿರಾಮ. ಅವರು ೧.೫೦೦ ಎಂದು ಬರೆದರೆ ಅದು ಒಂದೂವರೆ ಅಲ್ಲ, ಒಂದು ಸಾವಿರದ ಐನೂರು. ಭಾಷೆ ಬದಲಾದಾಗ ಚುಕ್ಕಿಯೂ ಬದಲಾಗಬೇಕು.

ಇಷ್ಟೆಲ್ಲ ಕಷ್ಟದ ಕೆಲಸವನ್ನು ಮಾಡಿದವರು ಯಾರು? ದೊಡ್ಡ ಸಂಬಳದ ಪಂಡಿತರೆಂದುಕೊಂಡಿದ್ದೆ. ಅಲ್ಲ. ಲಿಬ್ರೆ ಆಫೀಸಿನವರು ಹೊಸದಾಗಿ ಬಂದ ಸ್ವಯಂಸೇವಕರಿಗೆ ಕೊಡುವ ಸುಲಭದ ಕೆಲಸಗಳ ಪಟ್ಟಿಯಲ್ಲಿ ಇದನ್ನು ಸೇರಿಸಿದ್ದರು. ಸಾಫ್ಟ್‌ವೇರು ಬರೆಯಲು ಇನ್ನೂ ಪಳಗದವರೂ ಅಲ್ಪಸ್ವಲ್ಪ ಜರ್ಮನ್ ಬಂದರೆ ಈ ಕೆಲಸಕ್ಕೆ ಕೈಜೋಡಿಸಬಹುದಿತ್ತು. ಎಲ್ಲೆಲ್ಲಿ ಜರ್ಮನ್ ಸಾಲುಗಳು ಅಡಗಿವೆ ಎಂದು ಹುಡುಕಿಕೊಡುವುದಕ್ಕೇ ಒಂದು ಪುಟ್ಟ ಸಾಧನವನ್ನೂ ಬರೆದುಕೊಂಡರು. ಒಬ್ಬರು ಹತ್ತು ಸಾಲು, ಇನ್ನೊಬ್ಬರು ಇಪ್ಪತ್ತು ಸಾಲು, ಹೀಗೆ ವರ್ಷಗಟ್ಟಲೆ ಸೋಸಿದರು. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸ. ಆರಿಸಿದ್ದು ಕಾಣುವುದಿಲ್ಲ, ಬಿಟ್ಟದ್ದು ಮಾತ್ರ ಹಲ್ಲಿಗೆ ಸಿಗುತ್ತದೆ. ಅಂಥ ಕೆಲಸದ ಬೆಲೆ ಹೆಂಗಸರಾದ ನಮಗೆ ಹೇಳಿಕೊಡಬೇಕಾಗಿಲ್ಲ. ಅವರ ಶ್ರಮದಿಂದ ಸಾಫ್ಟ್‌ವೇರಿಗೆ ಹೊಸ ಗುಂಡಿಯೊಂದೂ ಬರಲಿಲ್ಲ, ಬಣ್ಣ ಬದಲಾಗಲಿಲ್ಲ. ಮುಂದೆ ಬರುವವನಿಗೆ ದಾರಿ ಕಾಣಿಸಿತು, ಅಷ್ಟೇ.

ಜರ್ಮನ್ ಮನಸ್ಸಿನ ಮಾತು ಇಂಗ್ಲಿಷಿಗೆ ಬಂದದ್ದು ಕಂಪ್ಯೂಟರಿನಿಂದಲೇ ಮೊದಲಲ್ಲ. ಅದರ ಒಂದು ಹಳೆಯ ಕಥೆ ನಮ್ಮ ನೆಲದಲ್ಲೇ ನಡೆದಿದೆ. ಧಾರವಾಡದ ಕಿಟೆಲ್ ಕಾಲೇಜಿನ ಹೆಸರು ಕೇಳದವರು ನಮ್ಮ ಕಡೆ ಕಡಿಮೆ. ೧೮೩೨ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟೆಲ್ ೧೮೫೩ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಇಲ್ಲಿಗೆ ಬಂದರು. ೧೮೯೪ರಲ್ಲಿ ಮಂಗಳೂರಿನಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತು. ಸುಮಾರು ೭೦,೦೦೦ ಶಬ್ದಗಳ ಆ ಗ್ರಂಥದ ಒಂದು ವಿಚಿತ್ರವನ್ನು ನಾವು ಮರೆತಿದ್ದೇವೆ. ಕನ್ನಡವೂ ಅವರ ತಾಯಿನುಡಿಯಲ್ಲ, ಇಂಗ್ಲಿಷೂ ಅಲ್ಲ. ಜರ್ಮನ್ ತಾಯ ಮಗ ಕನ್ನಡದ ಅರ್ಥವನ್ನು ಇಂಗ್ಲಿಷಿನಲ್ಲಿ ಹೇಳಿದ.

ಕಿಟೆಲ್ ಅವರು ಆ ಕೆಲಸ ಮಾಡಿದ ರೀತಿ ನೋಡಿ. ಒಂದು ಶಬ್ದಕ್ಕೆ ಒಂದು ಇಂಗ್ಲಿಷ್ ಶಬ್ದ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಆ ಶಬ್ದ ಹಳೆಯ ಕಾವ್ಯಗಳಲ್ಲಿ ಎಲ್ಲಿ ಬಂದಿದೆ, ಜನ ಯಾವ ಗಾದೆಯಲ್ಲಿ ಬಳಸುತ್ತಾರೆ ಎಂಬುದನ್ನೆಲ್ಲ ಅದರ ಕೆಳಗೇ ಕೊಟ್ಟರು. ಶಬ್ದದ ಅರ್ಥ ಅದರ ಬಳಕೆಯಲ್ಲಿದೆ ಎಂಬುದು ಅವರಿಗೆ ಗೊತ್ತಿತ್ತು. ಜಾಗ ಉಳಿಸಲು ಅವರೂ ನಮ್ಮವ್ವನಂತೆ ಒಂದಕ್ಷರ ಎರಡಕ್ಷರದ ಸಂಕ್ಷೇಪಗಳನ್ನು ತುಂಬಿದ್ದಾರೆ. ಆದರೆ ಅವು ಯಾವುದನ್ನು ಸೂಚಿಸುತ್ತವೆ ಎಂಬ ಪಟ್ಟಿಯನ್ನು ಪುಸ್ತಕದ ಮೊದಲಿಗೇ ಇಟ್ಟಿದ್ದಾರೆ. ಬೀಗ ಹಾಕಿದರೂ ಕೀಲಿಯನ್ನು ಬಾಗಿಲ ಪಕ್ಕದಲ್ಲೇ ತೂಗುಹಾಕಿದರು. ಅದರಿಂದಲೇ ಆ ನಿಘಂಟನ್ನು ಇಂದಿಗೂ ಬಿಡಿಸಿ ಓದಬಹುದು.

ಕೀಲಿ ಇಡದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಡೆಯ ಹಳೆಯ ಜಮೀನಿನ ಕಾಗದಗಳೇ ಸಾಕ್ಷಿ. ಮುಂಬಯಿ ಕರ್ನಾಟಕದ ಎಷ್ಟೋ ಮನೆಗಳ ಟ್ರಂಕಿನಲ್ಲಿ ಮೋಡಿ ಲಿಪಿಯ ಪತ್ರಗಳಿವೆ. ಅಜ್ಜಂದಿರ ಕಾಲಕ್ಕೆ ಅದು ದಿನದ ಬರವಣಿಗೆ. ಇಂದು ಓದಬಲ್ಲವರನ್ನು ಹುಡುಕಿಕೊಂಡು ಹೋಗಬೇಕು. ಕಾಗದ ಇದೆ, ಮಸಿ ಮಾಸಿಲ್ಲ, ಆದರೂ ಅದು ಮೂಕವಾಗಿದೆ.

ಎಲ್ಲ ಜರ್ಮನ್ ಶಬ್ದಗಳೂ ಇಂಗ್ಲಿಷಾಗಿಬಿಟ್ಟವು ಎಂದುಕೊಳ್ಳಬೇಡಿ. ಕೆಲವನ್ನು ಮುಟ್ಟಲಾಗುವುದಿಲ್ಲ. ನನ್ನ ತಂಗಿಯ ಮಗಳ ದಿನದ ಕೆಲಸವೇ ಅಂಥ ಶಬ್ದಗಳ ನಡುವೆ. ೧೯೭೨ರಲ್ಲಿ ಐಬಿಎಂ ಬಿಟ್ಟು ಬಂದ ಐವರು ಎಂಜಿನಿಯರುಗಳು ಜರ್ಮನಿಯ ವೈನ್‌ಹೈಮ್ ಎಂಬಲ್ಲಿ ಎಸ್‌ಎಪಿ ಕಂಪನಿ ಕಟ್ಟಿದರು. ಕಾರ್ಖಾನೆಗಳ ಲೆಕ್ಕಪತ್ರ, ಉಗ್ರಾಣ, ಮಾರಾಟ ಎಲ್ಲವನ್ನೂ ಒಂದೇ ಕಡೆ ನಡೆಸುವ ಸಾಫ್ಟ್‌ವೇರು ಅವರದು. ೧೯೯೮ರಲ್ಲಿ ಬೆಂಗಳೂರಿನಲ್ಲೂ ಅವರ ಸಂಶೋಧನಾ ಕೇಂದ್ರ ಶುರುವಾಯಿತು. ಬೇರೆ ಬೇರೆ ಕಂಪನಿಗಳಲ್ಲಿ ಆ ಸಾಫ್ಟ್‌ವೇರಿನ ಮೇಲೆ ಕೆಲಸ ಮಾಡುವ ಕನ್ನಡದ ಹುಡುಗ ಹುಡುಗಿಯರೂ ಇದ್ದಾರೆ.

ಅದರ ಪರದೆಯ ಮೇಲೆ ಕಾಣುವುದೆಲ್ಲ ಅಚ್ಚ ಇಂಗ್ಲಿಷ್. ಒಳಗಿನ ಕೋಷ್ಟಕಗಳ ಹೆಸರು ಮಾತ್ರ ಇಂದಿಗೂ ಜರ್ಮನ್ ಶಬ್ದಗಳ ತುಂಡುಗಳು. ಗಿರಾಕಿಯ ಸಂಖ್ಯೆಗೆ "ಕುನ್ನರ್" ಎಂಬ ತುಂಡು; ಕುಂಡೆ ಎಂದರೆ ಗಿರಾಕಿ, ನುಮ್ಮರ್ ಎಂದರೆ ನಂಬರು. ಸರಕು ಪೂರೈಸುವವನ ಸಂಖ್ಯೆಗೆ "ಲಿಫ್ನರ್". ಲೀಫರಾಂಟ್ ಎಂದರೆ ಪೂರೈಸುವವನು. ಕಾರ್ಖಾನೆಗೆ "ವೆರ್ಕ್ಸ್". "ಬೂಕ್ರ್ಸ್" ಎಂದರೆ ಬೂಖುಂಗ್ಸ್‌ಕ್ರೈಸ್, ಅಕ್ಷರಶಃ ಜಮಾಖರ್ಚಿನ ವೃತ್ತ. ಒಂದು ಕಂಪನಿಯ ಲೆಕ್ಕ ಒಂದು ವೃತ್ತದೊಳಗೆ ಎಂಬ ಭಾವ. ಇಂಗ್ಲಿಷಿನವರು ವೃತ್ತವನ್ನು ಕೈಬಿಟ್ಟು "ಕಂಪನಿ ಕೋಡ್" ಎಂದರು. ಕೆಲಸಕ್ಕೆ ಅದೇ ಸರಿ, ಆದರೂ ಆ ವೃತ್ತದ ಚಿತ್ರ ಹೋದದ್ದಕ್ಕೆ ನನಗೆ ಸ್ವಲ್ಪ ಬೇಜಾರು.

ಈ ತುಂಡುಗಳನ್ನು ಯಾಕೆ ಬದಲಿಸುವುದಿಲ್ಲ ಎಂದು ಕೇಳಿದೆ. "ಟಿಪ್ಪಣಿಯನ್ನು ಕಂಪ್ಯೂಟರು ಓದೂದಿಲ್ಲ ದೊಡ್ಡವ್ವ, ಈ ಹೆಸರನ್ನು ಓದತೈತಿ. ಲಕ್ಷಗಟ್ಟಲೆ ಕಡೆ ಇದನ್ನೇ ಹಿಡಕೊಂಡು ನಿಂತಾವು. ಒಂದು ಕಡೆ ಬದಲಿಸಿದ್ರ ಉಳಿದಲ್ಲೆಲ್ಲ ಕುಸೀತೈತಿ" ಅಂದಳು. ಹೊಲದ ಬಾಂದುಕಲ್ಲಿನ ಹಾಗೆ ಎಂದುಕೊಂಡೆ. ಕಲ್ಲು ನೆಟ್ಟವರು ಹೋದರು, ಕಲ್ಲಿನ ಮೇಲಿನ ಅಕ್ಷರ ಯಾರಿಗೂ ತಿಳಿಯದು. ಆದರೂ ಅದನ್ನು ಕಿತ್ತರೆ ಊರೆಲ್ಲ ಜಗಳ. ಅಂಥ ಕಲ್ಲನ್ನು ಕೀಳುವ ಬದಲು ಅದರ ಅರ್ಥವನ್ನು ಮುಂದಿನವರಿಗೆ ಹೇಳಿಕೊಡುತ್ತ ಹೋಗಬೇಕು.

ಅವಳ ವಿಭಾಗದಲ್ಲಿ ಬಹಳ ಮಂದಿ ಈ ತುಂಡುಗಳನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿಕೊಂಡಿದ್ದಾರಂತೆ, ಅರ್ಥ ಕೇಳುವವರು ಕಡಿಮೆ. "ಮಾಂಡ್ಟ್" ಎಂಬುದು ಮಾಂಡಾಂಟ್ ಎಂಬ ಶಬ್ದದ ತುಂಡು, ವಕೀಲರ ಬಳಿ ಬರುವ ಕಕ್ಷಿದಾರನಿಗೆ ಜರ್ಮನರು ಹಾಗೆನ್ನುತ್ತಾರೆ, ಅದೇ ಇಂಗ್ಲಿಷಿನಲ್ಲಿ "ಕ್ಲೈಂಟ್" ಆಗಿದೆ ಎಂದು ಇವಳು ಈ ವರ್ಷ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರಿಗೆ ಬಿಡಿಸಿ ಹೇಳಿದ್ದಾಳೆ. ಒಬ್ಬಳು ಗದುಗಿನವಳು, ಇನ್ನೊಬ್ಬಳು ಶಿವಮೊಗ್ಗದವಳು. ಇಬ್ಬರೂ ತಮ್ಮ ನೋಟ್‌ಬುಕ್ಕಿನಲ್ಲಿ ಆ ಶಬ್ದಗಳನ್ನೆಲ್ಲ ಬರೆದು, ಪಕ್ಕದಲ್ಲಿ ಪೂರ್ತಿ ಅರ್ಥವನ್ನು ಕನ್ನಡದಲ್ಲಿ ಬರೆದುಕೊಂಡಿದ್ದಾರಂತೆ.